ಹೊಸ ಕಾಂಕ್ರೀಟ್ ರಸ್ತೆಗೆ ಬಿರುಕು ಏಕೆ, ಕಾಂಕ್ರೀಟ್ ಎಲ್ಲೆಲ್ಲಿ ಸರಿ?

ಪ್ರಶ್ನೆ: ಮನೆ ಮುಂದಿನ ರಸ್ತೆಗೆ ಕಾಂಕ್ರೀಟ್ ಹಾಕಿ ಇನ್ನೂ ವರ್ಷ ತುಂಬಿಲ್ಲ. ಆಗಲೇ ಮೂರು ಕಡೆ ಅಡ್ಡಕ್ಕೆ ಬಿರುಕು ಬಿಟ್ಟಿದೆ. ನೂರು ವರ್ಷ ದಾಟಿದ ಕಾಂಕ್ರೀಟ್ ರಸ್ತೆ ಇನ್ನೂ ಇದೆ ಎಂದು ಓದಿದ್ದೆ. ಆಗ ಆದದ್ದು ಈಗ ಯಾಕೆ ಆಗುತ್ತಿಲ್ಲ? ರಸ್ತೆಗೆ ಕಾಂಕ್ರೀಟ್ ಹಾಕಲು ಶುರು ಮಾಡಿದ್ದು ಯಾವಾಗ? ಎಲ್ಲ ಕಡೆಗೂ ಅದೇ ಒಳ್ಳೆಯದಾ, ಇಲ್ಲ ಡಾಂಬರೇ ಸಾಕಾಗುವ ಜಾಗಗಳೂ ಇವೆಯಾ?

ಉತ್ತರ: ನೀವು ಓದಿದ್ದು ನಿಜ. ಅಮೆರಿಕದ ಒಹಾಯೊ ರಾಜ್ಯದ ಬೆಲ್‌ಫೌಂಟನ್ ಎಂಬ ಸಣ್ಣ ಊರಿನಲ್ಲಿ 1893ರಲ್ಲಿ ಹಾಕಿದ ಕಾಂಕ್ರೀಟ್ ರಸ್ತೆಯ ಒಂದು ಭಾಗ ಇವತ್ತಿಗೂ ಇದೆ. ನಿಮ್ಮ ರಸ್ತೆ ವರ್ಷದೊಳಗೆ ಬಿರುಕು ಬಿಟ್ಟಿರುವುದೂ ನಿಜ. ಎರಡಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸಿಗುತ್ತದೆ. ಕಾಂಕ್ರೀಟ್ ಬಿರುಕು ಬಿಟ್ಟೇ ಬಿಡುತ್ತದೆ. ಎಲ್ಲಿ ಬಿಡಬೇಕು ಎಂದು ಹಾಕುವವರು ಮೊದಲೇ ತೀರ್ಮಾನಿಸಿದರೆ ರಸ್ತೆ ಉಳಿಯುತ್ತದೆ. ತೀರ್ಮಾನಿಸದೆ ಬಿಟ್ಟರೆ ಕಾಂಕ್ರೀಟೇ ತನಗೆ ಬೇಕಾದ ಕಡೆ ಒಡೆದುಕೊಳ್ಳುತ್ತದೆ. ಇಷ್ಟನ್ನು ಕಲಿಯಲು ಎಂಜಿನಿಯರ್‌ಗಳಿಗೆ ಹಲವು ದಶಕ ಹಿಡಿಯಿತು.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಬಿಡುತ್ತೇನೆ. ರೋಮನ್ನರೇ ಕಾಂಕ್ರೀಟ್ ರಸ್ತೆ ಮಾಡಿದ್ದರು ಎಂದು ಬಹಳ ಜನ ಹೇಳುತ್ತಾರೆ. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಅವರು ಮಾಡಿದ ಕಾಂಕ್ರೀಟ್ ಅದ್ಭುತವಾದದ್ದೇ. ಬಂದರುಗಳಲ್ಲಿ ನೀರಿನ ಅಡಿಯಲ್ಲೇ ಅದು ಗಟ್ಟಿಯಾಗುತ್ತಿತ್ತು, ರೋಮಿನ ಪ್ಯಾಂಥಿಯನ್ ಗುಮ್ಮಟ ಇವತ್ತಿಗೂ ನಿಂತಿದೆ. ಆದರೆ ಅವರ ರಸ್ತೆಗಳ ಮೇಲ್ಮೈ ಮುಖ್ಯವಾಗಿ ಕಲ್ಲು ಚಪ್ಪಡಿ ಮತ್ತು ಗರಸು. ಗಾಡಿಯ ಚಕ್ರ ನೇರವಾಗಿ ಕಾಂಕ್ರೀಟಿನ ಮೇಲೆ ಓಡಿದ ಕಥೆ ಶುರುವಾಗುವುದು ಪೋರ್ಟ್‌ಲ್ಯಾಂಡ್ ಸಿಮೆಂಟ್, ಅಂದರೆ ಇವತ್ತು ನಾವು ಬಳಸುವ ಮಾಮೂಲಿ ಸಿಮೆಂಟ್, ಬಂದ ಮೇಲೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇಟ್ಟಿಗೆ ಕೆಲಸ ಮಾಡುತ್ತಿದ್ದ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1865ರಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಆ ಸಿಮೆಂಟಿನ ಕಾಂಕ್ರೀಟನ್ನು ರಸ್ತೆಗೆ ಹಾಕಿ ನೋಡಿದರು.

ಬೆಲ್‌ಫೌಂಟನ್ ಕಥೆಯಲ್ಲಿ ಒಬ್ಬ ಮನುಷ್ಯನ ಹಟ ಇದೆ. ಜಾರ್ಜ್ ಬಾರ್ಥಾಲೊಮ್ಯೂ ಎಂಬಾತ ಆ ಊರಿನ ಹತ್ತಿರ ಸಿಮೆಂಟ್ ತಯಾರಿಸುತ್ತಿದ್ದ. ಮಳೆಗಾಲ ಬಂದರೆ ರಸ್ತೆಯೆಲ್ಲ ಕೆಸರು. ಕಾಂಕ್ರೀಟ್ ಹಾಕೋಣ ಎಂದರೆ ಊರಿನವರಿಗೆ ನಂಬಿಕೆ ಬರಲಿಲ್ಲ. 1891ರಲ್ಲಿ ಮುಖ್ಯ ಬೀದಿಯಲ್ಲಿ ಕುದುರೆ ಕಟ್ಟುವ ಜಾಗದ ಉದ್ದಕ್ಕೆ 8 ಅಡಿ ಅಗಲದ ಒಂದು ಪಟ್ಟಿ ಹಾಕಿ ತೋರಿಸಿದ. ಕಬ್ಬಿಣದ ಲಾಳ, ಕಬ್ಬಿಣದ ಪಟ್ಟಿ ಹೊಡೆದ ಚಕ್ರ, ಎರಡರ ಹೊಡೆತವನ್ನೂ ಅದು ತಡೆದುಕೊಂಡಿತು. ಆಮೇಲೆ ಕೋರ್ಟ್ ಕಟ್ಟಡದ ಸುತ್ತಲಿನ ಬೀದಿಗಳಿಗೆ ಒಪ್ಪಿಗೆ ಸಿಕ್ಕಿತು. ಅದೂ ಸುಮ್ನೆ ಸಿಗಲಿಲ್ಲ. ಐದು ವರ್ಷ ಬಾಳಿಕೆ ಬರುತ್ತದೆ ಎಂದು 5,000 ಡಾಲರ್ ಜಾಮೀನು ಕೊಡಬೇಕಾಯಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

ಆ ರಸ್ತೆ ಉಳಿದಿದ್ದಕ್ಕೆ ನನಗೆ ಕಾಣುವ ಕಾರಣಗಳು ಸರಳ. ಆಗ ಕಾಂಕ್ರೀಟನ್ನು ದೊಡ್ಡದಾಗಿ ಒಂದೇ ಸಲ ಸುರಿಯುವ ಯಂತ್ರ ಇರಲಿಲ್ಲ. ಹಾಗಾಗಿ ಸಣ್ಣ ಸಣ್ಣ ಚೌಕಗಳಾಗಿ ಕೈಯಲ್ಲೇ ಹಾಕಿದರು. ಪ್ರತಿ ಚೌಕದ ಅಂಚೂ ಒಂದು ಜಾಯಿಂಟ್ ಆಯಿತು. ಕುಗ್ಗಲು, ಹಿಗ್ಗಲು ಕಾಂಕ್ರೀಟಿಗೆ ಜಾಗ ಸಿಕ್ಕಿತು. ಎರಡು ಪದರದಲ್ಲಿ ಹಾಕಿ, ಸಿಮೆಂಟ್ ಜಾಸ್ತಿ ಇರುವ ಗಟ್ಟಿ ಪದರವನ್ನು ಮೇಲಿಟ್ಟರು. ಕುದುರೆ ಜಾರದಿರಲಿ ಎಂದು ಮೇಲೆ ಗೀರು ಎಳೆದರು. ಮುಖ್ಯವಾಗಿ, ಜಾಮೀನು ಕೊಟ್ಟವನೇ ಕೆಲಸ ನೋಡಿಕೊಂಡ. ಇವತ್ತಿನ ಲಾರಿಗಳ ಭಾರ ಆ ಬೀದಿಗೆ ಬಿದ್ದಿಲ್ಲ, ಅದನ್ನೂ ಹೇಳಬೇಕು. ಆದರೂ ಸಣ್ಣ ಚೌಕದ ಗುಟ್ಟು ಇವತ್ತಿಗೂ ಅಷ್ಟೇ ಸತ್ಯ.

ಕಾರು ಬಂದ ಮೇಲೆ ವೇಗ ಹೆಚ್ಚಿತು. 1909ರಲ್ಲಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಒಂದು ಮೈಲಿ ಉದ್ದದ ಕಾಂಕ್ರೀಟ್ ಹೆದ್ದಾರಿ ಹಾಕಿದರು. ಬೇರೆ ಬೇರೆ ಕಡೆಯಿಂದ ಎಂಜಿನಿಯರ್‌ಗಳು ಬಂದು ನೋಡಿಕೊಂಡು ಹೋದರು. ಆಮೇಲೆ ಎಲ್ಲೆಲ್ಲೂ ಕಾಂಕ್ರೀಟ್. ಆದರೆ ಎಷ್ಟು ದಪ್ಪ ಇರಬೇಕು, ಎಲ್ಲಿ ದಪ್ಪ ಇರಬೇಕು ಎಂಬುದು ಆಗ ಬರೀ ಅಂದಾಜು. ನಡುವೆ ದಪ್ಪ, ಅಂಚಿಗೆ ತೆಳು ಮಾಡುತ್ತಿದ್ದರು. ನೋಡಲು ಅದೇ ಸರಿ ಅನಿಸುತ್ತದೆ, ಅಲ್ವಾ? 1920ರ ದಶಕದ ಆರಂಭದಲ್ಲಿ ಇಲಿನಾಯ್ಸ್‌ನ ಬೇಟ್ಸ್ ಎಂಬಲ್ಲಿ ಪರೀಕ್ಷೆಗೆಂದೇ ರಸ್ತೆ ಮಾಡಿ, ಮೊದಲ ಮಹಾಯುದ್ಧದಲ್ಲಿ ಉಳಿದ ಸೇನಾ ಟ್ರಕ್ಕುಗಳನ್ನು ಭಾರ ಹೆಚ್ಚಿಸುತ್ತಾ ಓಡಿಸಿದರು. ಮೊದಲು ಒಡೆದದ್ದು ಅಂಚು ಮತ್ತು ಮೂಲೆ. ಲೆಕ್ಕಾಚಾರ ತಿರುಗಿಬಿತ್ತು. ಅಲ್ಲಿಂದ ಅಂಚನ್ನು ದಪ್ಪ ಮಾಡತೊಡಗಿದರು. 1926ರಲ್ಲಿ ಹೆರಾಲ್ಡ್ ವೆಸ್ಟರ್‌ಗಾರ್ಡ್ ಎಂಬ ಎಂಜಿನಿಯರ್, ಭಾರ ಬಿದ್ದಾಗ ಸ್ಲ್ಯಾಬಿನ ನಡುಭಾಗ, ಅಂಚು, ಮೂಲೆಯಲ್ಲಿ ಎಷ್ಟು ಒತ್ತಡ ಹುಟ್ಟುತ್ತದೆ ಎಂದು ಲೆಕ್ಕ ಹಾಕಲು ಮೂರಕ್ಕೂ ಬೇರೆ ಬೇರೆ ಸೂತ್ರ ಕೊಟ್ಟರು. ರಸ್ತೆ ಎಂಜಿನಿಯರ್‌ಗಳು ಇವತ್ತಿಗೂ ಅದನ್ನು ಓದಿಯೇ ಮುಂದೆ ಹೋಗುತ್ತಾರೆ.

1958ರಿಂದ 1960ರವರೆಗೆ ಇದೇ ಇಲಿನಾಯ್ಸ್‌ನ ಒಟ್ಟಾವಾ ಹತ್ತಿರ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಸೇನೆಯ ಚಾಲಕರು ಸುತ್ತು ಹಾದಿಗಳಲ್ಲಿ ಟ್ರಕ್ಕು ಓಡಿಸುತ್ತಲೇ ಇದ್ದರು, ರಸ್ತೆಯ ಮೇಲೆ ಸುಮಾರು 11 ಲಕ್ಷ ಸಲ ಆಕ್ಸಲ್ ಭಾರ (ಎರಡು ಬದಿಯ ಚಕ್ರ ಜೋಡಿಸುವ ಒಂದು ಅಚ್ಚಿನ ಮೇಲೆ ಬೀಳುವ ಭಾರ) ಹಾದುಹೋಯಿತು. ಅದರಿಂದ ಬಂದ ಪಾಠವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ಕಾರುಗಳು ರಸ್ತೆಯನ್ನು ಹಾಳು ಮಾಡುವುದು ಬಹಳ ಕಡಿಮೆ. ತುಂಬಿದ ಲಾರಿ ಒಂದೆರಡು ಓಡಾಡಿದರೆ ಸಾಕು, ಇಡೀ ಲೆಕ್ಕ ಬದಲಾಗುತ್ತದೆ. ನಿಮ್ಮ ರಸ್ತೆಗೆ ಕಾಂಕ್ರೀಟ್ ಹಾಕಿದ ಮರುವಾರವೇ ಜಲ್ಲಿ ಲಾರಿ ಬಂದಿತ್ತಾ ಎಂದು ನೆನಪು ಮಾಡಿಕೊಳ್ಳಿ.

ಇನ್ನೊಂದು ಸಂಗತಿ ಹೇಳಲೇಬೇಕು, ನನಗೆ ಅದು ತುಂಬಾ ಇಷ್ಟ. ಚಳಿದೇಶಗಳಲ್ಲಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಮೇಲ್ಪದರ ಹಕ್ಕಳೆಯಾಗಿ ಎದ್ದು ಬರುತ್ತದೆ. 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕೆಲವು ರಸ್ತೆಗಳು ಮಾತ್ರ ಹಾಗಾಗದೆ ಚೆನ್ನಾಗಿ ಉಳಿದಿದ್ದವು. ಹುಡುಕಿದಾಗ ತಿಳಿದದ್ದು, ಆ ಸಿಮೆಂಟ್ ಅರೆಯುವಾಗ ದನದ ಕೊಬ್ಬು ಸೇರಿಸಿದ್ದರು. ಅರೆಯಲು ಸಲೀಸಾಗಲಿ ಎಂದು ಹಾಕಿದ ಕೊಬ್ಬು ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಹುಟ್ಟಿಸಿತ್ತು. ನೀರು ಹೆಪ್ಪುಗಟ್ಟಿದಾಗ ಹಿಗ್ಗಲು ಆ ಗುಳ್ಳೆಗಳಲ್ಲಿ ಜಾಗ ಇತ್ತು. ಈಗ ಅದಕ್ಕಾಗಿಯೇ ಬೇರೆ ರಾಸಾಯನಿಕ ಬೆರೆಸುತ್ತಾರೆ. ಹಿಮ ಬೀಳದ ಕಡೆ ಇದರ ಅಗತ್ಯ ಅಷ್ಟಾಗಿ ಇಲ್ಲ.

1949ರಲ್ಲಿ ಅಯೋವಾ ರಾಜ್ಯದಲ್ಲಿ ಸ್ಲಿಪ್‌ಫಾರ್ಮ್ ಪೇವರ್ ಎಂಬ ಯಂತ್ರ ರಸ್ತೆಗಿಳಿಯಿತು. ಪಕ್ಕಕ್ಕೆ ಶಟರಿಂಗ್ ಕಟ್ಟುವ ಅಗತ್ಯವೇ ಇಲ್ಲದೆ, ಗಟ್ಟಿ ಕಾಂಕ್ರೀಟನ್ನು ಒತ್ತಿ, ಅಲುಗಿಸಿ, ಅಂಚು ಕುಸಿಯದ ಹಾಗೆ ಹಿಂದೆ ಬಿಟ್ಟು ಹೋಗುತ್ತದೆ. ಇವತ್ತಿನ ಹೆದ್ದಾರಿಗಳೆಲ್ಲ ಬಹುಪಾಲು ಅದರದೇ ಕೆಲಸ.

ಈಗ ನಿಮ್ಮ ಬಿರುಕಿಗೆ ಬರೋಣ. ಕಾಂಕ್ರೀಟ್ ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಬಡವ. ಎಳೆದರೆ ತಡೆಯುವ ಶಕ್ತಿ ಒತ್ತಿದರೆ ತಡೆಯುವ ಶಕ್ತಿಯ ಹತ್ತನೇ ಒಂದು ಭಾಗದಷ್ಟು. ಒಣಗುತ್ತಾ ಹೋದಂತೆ ಕಾಂಕ್ರೀಟ್ ಕುಗ್ಗುತ್ತದೆ, ಒಂದು ಮೀಟರಿಗೆ ಸುಮಾರು ಅರ್ಧ ಮಿಲಿಮೀಟರ್. ಇದರ ಮೇಲೆ ಬಿಸಿಲು, ಚಳಿ. ತಾಪಮಾನ 30 ಡಿಗ್ರಿ ಇಳಿದರೆ 10 ಮೀಟರ್ ಉದ್ದದ ಸ್ಲ್ಯಾಬ್ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ. ಕೆಳಗಿನ ನೆಲ ಅದನ್ನು ಹಿಡಿದುಕೊಂಡಿರುತ್ತದೆ, ಕುಗ್ಗಲು ಬಿಡುವುದಿಲ್ಲ. ಎಳೆತ ಹೆಚ್ಚಿ ನಡುವೆ ಎಲ್ಲೋ ಟಪ್ ಎಂದು ಒಡೆಯುತ್ತದೆ. ಅದೇ ನಿಮ್ಮ ಅಡ್ಡ ಬಿರುಕು.

ಅದಕ್ಕೇ ಕಟ್ಟರ್‌ನಿಂದ ಗೀರು ಹಾಕುವುದು. ಸ್ಲ್ಯಾಬಿನ ದಪ್ಪದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಕತ್ತರಿಸಿದರೆ ಅಲ್ಲಿ ಕಾಂಕ್ರೀಟ್ ದುರ್ಬಲವಾಗುತ್ತದೆ. ಬಿರುಕು ಆ ಗೀರಿನ ಕೆಳಗೇ ಹೋಗುತ್ತದೆ, ಮೇಲಿನಿಂದ ನೇರ ಗೆರೆ ಮಾತ್ರ ಕಾಣುತ್ತದೆ. ಎರಡು ಗೀರುಗಳ ನಡುವಿನ ಅಂತರ ಸ್ಲ್ಯಾಬಿನ ದಪ್ಪದ 24ರಿಂದ 30 ಪಟ್ಟು ಮೀರಬಾರದು. ಅಂದರೆ 150 ಮಿಲಿಮೀಟರ್ ದಪ್ಪ ಇದ್ದರೆ ಮೂರೂವರೆ, ನಾಲ್ಕು ಮೀಟರಿಗೊಂದು. ಚೌಕ ಆದಷ್ಟೂ ಸಮನಾಗಿರಬೇಕು, ಉದ್ದುದ್ದ ಪಟ್ಟಿ ಮಾಡಿದರೆ ನಡುವೆ ಒಡೆಯುತ್ತದೆ.

ಗೀರು ಹಾಕುವ ಹೊತ್ತು ಇನ್ನೂ ಮುಖ್ಯ. ಬೇಗ ಕತ್ತರಿಸಿದರೆ ಬ್ಲೇಡಿಗೆ ಸಿಕ್ಕಿ ಅಂಚಿನ ಜಲ್ಲಿ ಕಿತ್ತು ಬರುತ್ತದೆ. ತಡಮಾಡಿದರೆ ಬಿರುಕು ಆಗಲೇ ಬಿದ್ದಿರುತ್ತದೆ, ಆಮೇಲೆ ಹಾಕಿದ ಗೀರು ಬರೀ ಅಲಂಕಾರ. ಬಿಸಿಲಿನ ದಿನ ಈ ಸಮಯ ನಾಲ್ಕಾರು ಗಂಟೆಯಲ್ಲೇ ಬಂದುಬಿಡುತ್ತದೆ. ತಂಪಿನ ದಿನ ಹನ್ನೆರಡು ಗಂಟೆ ದಾಟಬಹುದು. ಮಧ್ಯಾಹ್ನ ಕಾಂಕ್ರೀಟ್ ಸುರಿದರೆ ರಾತ್ರಿ ಯಾರಾದರೂ ಕಟ್ಟರ್ ಹಿಡಿದು ಕೂರಲೇಬೇಕು. 'ನಾಳೆ ಬೆಳಗ್ಗೆ ಬರ್ತೀವಿ ಸಾರ್' ಎಂದು ಹೋದ ಕಡೆಯೆಲ್ಲ ಬೆಳಗ್ಗೆ ಬಿರುಕು ಕಾದಿರುತ್ತದೆ. ನಿಮ್ಮ ರಸ್ತೆಯ ಬಿರುಕುಗಳು ಎರಡು ಗೀರುಗಳ ನಡುವೆ, ಹೆಚ್ಚುಕಡಿಮೆ ಮಧ್ಯಕ್ಕೆ ಇವೆಯಾ ನೋಡಿ. ಹಾಗಿದ್ದರೆ ಗೀರು ತಡವಾಗಿದೆ, ಇಲ್ಲವೇ ಅಂತರ ಜಾಸ್ತಿಯಾಗಿದೆ.

ಎರಡನೆಯ ಕಾರಣ ನೀರು. 50 ಕಿಲೋ ಸಿಮೆಂಟ್ ಚೀಲಕ್ಕೆ 20ರಿಂದ 22 ಲೀಟರ್ ನೀರು ಸಾಕು. ಮರಳಿನಲ್ಲಿ ಮೊದಲೇ ಇರುವ ತೇವವೂ ಈ ಲೆಕ್ಕಕ್ಕೆ ಸೇರಬೇಕು. ಕಾಂಕ್ರೀಟ್ ಗಟ್ಟಿ ಇದ್ದರೆ ಹರಡುವುದು ಕಷ್ಟ, ಬೆನ್ನು ನೋಯುತ್ತದೆ. ಆಗ ಪೈಪ್ ಹಿಡಿದು ನೀರು ಬಿಡುತ್ತಾರೆ, ಕಾಂಕ್ರೀಟ್ ಗಂಜಿಯ ಹಾಗೆ ಹರಿದು ತಾನೇ ಮಟ್ಟವಾಗುತ್ತದೆ. ಆ ಹೆಚ್ಚಿನ ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಬಲ ಕಡಿಮೆಯಾಗುತ್ತದೆ, ಕುಗ್ಗುವುದು ಜಾಸ್ತಿಯಾಗುತ್ತದೆ. ಅದರ ಮೇಲೆ ನೀರು ಇನ್ನೂ ಹೊಳೆಯುತ್ತಿರುವಾಗಲೇ ಒಣ ಸಿಮೆಂಟ್ ಉದುರಿಸಿ ಕರಣೆ ಆಡಿಸುತ್ತಾರೆ. ನುಣ್ಣಗೆ ಚೆಂದ ಕಾಣುತ್ತದೆ. ಒಂದು ಮಳೆಗಾಲ ಕಳೆದರೆ ಆ ತೊಗಟೆ ಪುಡಿಪುಡಿಯಾಗಿ ಎದ್ದು ಜಲ್ಲಿ ಕಾಣಿಸುತ್ತದೆ. ರಸ್ತೆಗೆ ನುಣುಪು ಬೇಡವೇ ಬೇಡ. ನೀರು ಇಂಗಿದ ಮೇಲೆ ಪೊರಕೆಯಲ್ಲಿ ಅಡ್ಡಕ್ಕೆ ಗೆರೆ ಎಳೆದರೆ ಚಕ್ರಕ್ಕೂ ಕಾಲಿಗೂ ಹಿಡಿತ ಸಿಗುತ್ತದೆ.

ಕ್ಯೂರಿಂಗ್ ಬಗ್ಗೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಗೋಣಿಚೀಲ ಹೊದಿಸಿ ಕನಿಷ್ಠ ಒಂದು ವಾರ ಒಣಗಲು ಬಿಡದೆ ನೋಡಿಕೊಳ್ಳಬೇಕು, ಇಲ್ಲವೇ ನೀರು ಆರದಂತೆ ಪೊರೆ ಕಟ್ಟುವ ಕ್ಯೂರಿಂಗ್ ಕಾಂಪೌಂಡ್ ಎಂಬ ದ್ರವ ಸಿಂಪಡಿಸಬೇಕು. ಗಾಳಿ ಬೀಸುವ ಬಿಸಿಲಿನ ದಿನ ಮೊದಲ ಗಂಟೆಗಳಲ್ಲೇ ಮೇಲ್ಪದರ ಒಣಗಿ, ಬಲೆಯಂತೆ ಸಣ್ಣ ಬಿರುಕು ಮೂಡುತ್ತದೆ. ಅವು ಸಾಮಾನ್ಯವಾಗಿ ಆಳಕ್ಕೆ ಹೋಗುವುದಿಲ್ಲ.

ಮೂರನೆಯದು ಕೆಳಗಿನ ನೆಲ. ನನ್ನ ಪ್ರಕಾರ ಇದೇ ದೊಡ್ಡದು, ಏಕೆಂದರೆ ಆಮೇಲೆ ಇದನ್ನು ಸರಿಮಾಡಲು ಆಗುವುದಿಲ್ಲ. ಹಾಸಿಗೆಯ ಮೇಲೆ ಹಲಗೆ ಇಟ್ಟು ನಿಂತರೆ ಭಾರ ಅಗಲಕ್ಕೆ ಹರಡುತ್ತದೆ. ಕಾಂಕ್ರೀಟ್ ಸ್ಲ್ಯಾಬೂ ಹಾಗೆಯೇ. ಡಾಂಬರಿನ ರಸ್ತೆ ನೆಲದ ಜೊತೆ ಬಾಗುತ್ತದೆ, ಭಾರವನ್ನು ಪದರ ಪದರವಾಗಿ ಕೆಳಗೆ ಕಳಿಸುತ್ತದೆ. ಕಾಂಕ್ರೀಟ್ ಬಾಗುವುದಿಲ್ಲ. ಅದಕ್ಕೆ ಕಲ್ಲಿನಂತಹ ನೆಲವೇ ಬೇಕೆಂದಿಲ್ಲ, ಎಲ್ಲ ಕಡೆ ಒಂದೇ ಸಮನಾದ ನೆಲ ಬೇಕು. ಒಂದು ಕಡೆ ಗಟ್ಟಿ, ಒಂದು ಕಡೆ ಪೈಪಿಗೆ ತೋಡಿ ಮುಚ್ಚಿದ ಸಡಿಲ ಮಣ್ಣು ಇದ್ದರೆ ಅಲ್ಲಿ ಸ್ಲ್ಯಾಬ್ ತೇಲಿದಂತೆ ನಿಲ್ಲುತ್ತದೆ. ಲಾರಿ ಬಂದಾಗ ಮುರಿಯುತ್ತದೆ. ಜಾಯಿಂಟಿನೊಳಗೆ ಮಳೆನೀರು ಇಳಿದರೆ ಇನ್ನೂ ಕಷ್ಟ. ಚಕ್ರ ಹಾದುಹೋಗುವಾಗ ಸ್ಲ್ಯಾಬ್ ಅದುಮಿ, ಕೆಳಗಿನ ಕೆಸರು ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಪ್ರತಿ ಸಲವೂ ಒಂದಿಷ್ಟು ಮಣ್ಣು ಹೊರಗೆ ಬರುತ್ತದೆ, ಅಡಿ ಪೊಳ್ಳಾಗುತ್ತದೆ. ಅದಕ್ಕಾಗಿಯೇ ದೊಡ್ಡ ರಸ್ತೆಗಳಲ್ಲಿ ಜಾಯಿಂಟಿನ ಅಡ್ಡಕ್ಕೆ ನುಣ್ಣನೆಯ ಡೋವೆಲ್ ಕಂಬಿ ಇಡುತ್ತಾರೆ. ಒಂದು ಸ್ಲ್ಯಾಬಿನ ಭಾರವನ್ನು ಅದು ಪಕ್ಕದ ಸ್ಲ್ಯಾಬಿಗೂ ಹಂಚುತ್ತದೆ, ಆದರೆ ಹಿಗ್ಗಲು ಕುಗ್ಗಲು ತಡೆಯುವುದಿಲ್ಲ.

ಜಾಯಿಂಟೇ ಇಲ್ಲದ ರಸ್ತೆಗಳೂ ಇವೆ. ಉದ್ದಕ್ಕೂ ಬಿಡದೆ ಕಂಬಿ ಹಾಕಿ ಮಾಡುವ ಈ ಬಗೆಯನ್ನು 1921ರಲ್ಲಿ ವಾಷಿಂಗ್ಟನ್ ಹತ್ತಿರದ ಕೊಲಂಬಿಯಾ ಪೈಕ್ ರಸ್ತೆಯಲ್ಲಿ ಮೊದಲು ಪ್ರಯೋಗ ಮಾಡಿದರು. ಅಲ್ಲಿ ಒಂದೆರಡು ಮೀಟರಿಗೊಂದು ಕೂದಲೆಳೆಯಂಥ ಬಿರುಕು ಬರಲಿ ಎಂದೇ ಲೆಕ್ಕ ಹಾಕಿರುತ್ತಾರೆ. ಕಂಬಿ ಆ ಬಿರುಕನ್ನು ಬಿಗಿಯಾಗಿ ಹಿಡಿದಿಡುತ್ತದೆ, ನೀರು ಒಳಗಿಳಿಯುವುದಿಲ್ಲ. ಖರ್ಚು ಜಾಸ್ತಿ, ಆದರೆ ಭಾರಿ ಲಾರಿ ಓಡುವ ಹೆದ್ದಾರಿಗೆ ಒಳ್ಳೆಯದು.

ಇನ್ನು ಎಲ್ಲಿ ಕಾಂಕ್ರೀಟ್, ಎಲ್ಲಿ ಡಾಂಬರು? ಭಾರಿ ವಾಹನ ನಿಂತು ಹೊರಡುವ ಜಾಗಕ್ಕೆ ನಾನು ಕಣ್ಣುಮುಚ್ಚಿ ಕಾಂಕ್ರೀಟ್ ಹೇಳುತ್ತೇನೆ. ಬಸ್ ನಿಲ್ದಾಣ, ಟೋಲ್ ಗೇಟು, ಸಿಗ್ನಲ್, ಕಂಟೇನರ್ ಇಳಿಸುವ ಅಂಗಳ. ಅಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಬಿಸಿಲಿಗೆ ಮೆತ್ತಗಾದ ಡಾಂಬರು ಅಲೆಅಲೆಯಾಗಿ ಏಳುತ್ತದೆ. ಪೆಟ್ರೋಲ್ ಬಂಕಿನ ನೆಲಕ್ಕೂ ವಿಮಾನ ನಿಲ್ಲುವ ಜಾಗಕ್ಕೂ ಕಾಂಕ್ರೀಟೇ, ಏಕೆಂದರೆ ಚೆಲ್ಲಿದ ಇಂಧನಕ್ಕೆ ಡಾಂಬರು ಕರಗುತ್ತದೆ. ಸುರಂಗಗಳಲ್ಲಿ ಇನ್ನೊಂದು ಲಾಭ ಇದೆ: ಬೆಂಕಿ ಬಿದ್ದರೆ ಕಾಂಕ್ರೀಟ್ ಉರಿಯುವುದಿಲ್ಲ. ಬಣ್ಣ ತಿಳಿಯಾಗಿರುವುದರಿಂದ ರಾತ್ರಿ ಬೆಳಕೂ ಚೆನ್ನಾಗಿ ಕಾಣುತ್ತದೆ. ನೀರು ನಿಲ್ಲುವ ತಗ್ಗು ಬೀದಿಗಳಲ್ಲೂ ಡಾಂಬರಿಗಿಂತ ಇದು ತಾಳುತ್ತದೆ.

ಆಗಾಗ ಅಗೆಯುವ ಬೀದಿಗೆ ಮಾತ್ರ ಕಾಂಕ್ರೀಟ್ ಬೇಡ. ನೀರಿನ ಪೈಪು, ಒಳಚರಂಡಿ, ಕೇಬಲ್ ಇನ್ನೂ ಆಗಬೇಕಿದ್ದರೆ ಮೊದಲು ಅವು ಮುಗಿಯಲಿ. ಕತ್ತರಿಸಿ ತೇಪೆ ಹಾಕಿದ ಕಾಂಕ್ರೀಟ್ ಮೊದಲಿನಂತೆ ಆಗುವುದಿಲ್ಲ. ಅಂಥ ಕಡೆಗೆ ಇಂಟರ್‌ಲಾಕ್ ಬ್ಲಾಕ್ ಚೆಂದ. ಎರಡನೇ ಮಹಾಯುದ್ಧದ ನಂತರ ನೆದರ್ಲೆಂಡ್ಸ್‌ನಲ್ಲಿ ಇಟ್ಟಿಗೆಗೆ ಕೊರತೆಯಾದಾಗ ಕಾಂಕ್ರೀಟಿನ ಬ್ಲಾಕ್ ಮಾಡಿ ರಸ್ತೆಗೆ ಜೋಡಿಸಿದರು, ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಬ್ಲಾಕು ತೆಗೆದು, ಪೈಪು ಹಾಕಿ, ಅದೇ ಬ್ಲಾಕನ್ನು ಮತ್ತೆ ಜೋಡಿಸಬಹುದು. ಓಡಾಡಲು 60 ಮಿಲಿಮೀಟರ್ ದಪ್ಪ, ವಾಹನಕ್ಕೆ 80 ಅಥವಾ ಹೆಚ್ಚು. ಎರಡೂ ಬದಿಗೆ ಗಟ್ಟಿ ಅಂಚುಕಟ್ಟು ಇಲ್ಲದಿದ್ದರೆ ಬ್ಲಾಕುಗಳು ಸರಿದು ಸಾಲು ಬಿಚ್ಚಿಕೊಳ್ಳುತ್ತದೆ.

ಹೊಸದಾಗಿ ಮಣ್ಣು ತುಂಬಿದ, ಇನ್ನೂ ಕುಸಿಯುತ್ತಿರುವ ಜಾಗಕ್ಕೂ ಡಾಂಬರೇ ಸರಿ. ಅದು ಕುಸಿತದ ಜೊತೆ ಹೊಂದಿಕೊಳ್ಳುತ್ತದೆ, ಮೇಲೆ ಇನ್ನೊಂದು ಪದರ ಹಾಕಬಹುದು. ಒಂದೇ ದಿನದಲ್ಲಿ ವಾಹನ ಬಿಡಬೇಕಾದ ಕಡೆಗೂ ಅಷ್ಟೇ. ಕಾರು ಪಾರ್ಕಿಂಗ್, ಕಾಲುದಾರಿಗಳಿಗೆ ಮರಳಿಲ್ಲದ, ಜಲ್ಲಿ ಮತ್ತು ಸಿಮೆಂಟಿನ ತೂತು ಕಾಂಕ್ರೀಟ್ ಇದೆ. ಅದರೊಳಗೆ 15ರಿಂದ 25 ಶೇಕಡಾ ಖಾಲಿ ಜಾಗ ಇರುತ್ತದೆ, ಮಳೆನೀರು ಹಾಗೇ ಇಳಿದು ನೆಲ ಸೇರುತ್ತದೆ. ಆದರೆ ದೂಳು ತುಂಬಿ ರಂಧ್ರ ಮುಚ್ಚದಂತೆ ಆಗಾಗ ತೊಳೆಯಬೇಕು.

ಕಾಂಕ್ರೀಟಿನ ಪರಿಸರದ ಲೆಕ್ಕವನ್ನು ಬದಿಗಿಡಲು ನನಗೆ ಮನಸ್ಸಿಲ್ಲ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇಕಡಾ 7ರಿಂದ 8 ಸಿಮೆಂಟಿನದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಸುಣ್ಣಕಲ್ಲು ಸುಟ್ಟಾಗ ಕಲ್ಲಿನೊಳಗಿನಿಂದಲೇ. ಕಲ್ಲಿದ್ದಲು ಸುಟ್ಟಾಗ ಬರುವ ಹಾರುಬೂದಿ, ಕಬ್ಬಿಣದ ಕುಲುಮೆಯ ಸ್ಲ್ಯಾಗ್ (ಕಿಟ್ಟ) ಬೆರೆಸಿದರೆ ಸಿಮೆಂಟ್ ಕಡಿಮೆ ಸಾಕು. ಆದರೆ ಅಂಥ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ, ಕ್ಯೂರಿಂಗ್ ಇನ್ನೂ ಹೆಚ್ಚು ದಿನ ಮಾಡಬೇಕು. ಇಷ್ಟು ಬೆಲೆ ತೆತ್ತು ಹಾಕಿದ ರಸ್ತೆ ಐದೇ ವರ್ಷಕ್ಕೆ ಒಡೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ನಿಮ್ಮ ಬಿರುಕಿಗೆ ಏನು ಮಾಡಬೇಕು? ಮೊದಲು ಅಳೆಯಿರಿ. ಉಗುರು ಹೋಗದಷ್ಟು ಸಣ್ಣದಿದ್ದು, ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ಚಿಂತೆ ಬೇಡ. ಅಗಲ ಜಾಸ್ತಿ ಇದ್ದರೆ ಗೀರು ಮಾಡಿ, ದೂಳು ತೆಗೆದು, ಬಿರುಕು ಒಣಗಿದ ಮೇಲೆ, ಎಳೆದರೆ ಹಿಗ್ಗುವಂಥ ಸೀಲೆಂಟ್ ತುಂಬಿಸಬೇಕು. ಸಿಮೆಂಟ್ ಹಾಲು ಸುರಿದರೆ ಆಗದು. ಮುಂದಿನ ಚಳಿಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಬಿಟ್ಟುಕೊಳ್ಳುತ್ತದೆ. ಒಂದು ಬದಿ ಇನ್ನೊಂದಕ್ಕಿಂತ ತಗ್ಗಿದ್ದರೆ, ಮೂಲೆ ತ್ರಿಕೋನವಾಗಿ ಒಡೆದಿದ್ದರೆ, ಮಳೆ ನಿಂತ ಮೇಲೆ ವಾಹನ ಹಾದಾಗ ಬಿರುಕಿನಿಂದ ಕೆಸರು ನೀರು ಬಂದರೆ ಅಡಿ ಪೊಳ್ಳಾಗಿದೆ. ಆಗ ಮೇಲೆ ಏನು ಸವರಿದರೂ ಪ್ರಯೋಜನ ಇಲ್ಲ. ಆ ಚೌಕವನ್ನು ಪೂರ್ತಿ ತೆಗೆದು, ನೆಲ ಗಟ್ಟಿಮಾಡಿ, ಮತ್ತೆ ಹಾಕಬೇಕು. ಗುತ್ತಿಗೆದಾರರ ಖಾತರಿ ಅವಧಿ ಇನ್ನೂ ಮುಗಿದಿಲ್ಲವಾದರೆ ಫೋಟೊ ತೆಗೆದು, ಬಿರುಕಿನ ಅಗಲ ಮತ್ತು ಗೀರುಗಳ ನಡುವಿನ ಅಂತರ ಬರೆದು, ಈ ಮಳೆಗಾಲಕ್ಕೆ ಮುಂಚೆಯೇ ಲಿಖಿತವಾಗಿ ದೂರು ಕೊಡಿ.